ಮೋಟಾರಿನ ಶಾಫ್ಟ್ 19, ಪುಲ್ಲಿಯ ತೂತು 24: ನಡುವೆ ಏನು ಹಾಕಬೇಕು?

ಪ್ರಶ್ನೆ: ನಮ್ಮದು ಮಲೆನಾಡಿನ ಸಣ್ಣ ತೋಟ. ಕಾಳುಮೆಣಸು ಬಿಡಿಸುವ ಯಂತ್ರವನ್ನು ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುತ್ತಿದ್ದೇನೆ. ಸಿಂಗಲ್ ಫೇಸ್ 1 ಎಚ್‌ಪಿ, 1440 ಆರ್‌ಪಿಎಂ ಕೆಪಾಸಿಟರ್ ಸ್ಟಾರ್ಟ್ ಮೋಟಾರು ತಂದೆ. ಅದರ ಶಾಫ್ಟ್ 19 ಮಿ.ಮೀ. ಹಳೆಯ 2 ಎಚ್‌ಪಿ ಮೋಟಾರಿನ 3 ಇಂಚಿನ ಎರಕದ ಪುಲ್ಲಿ ಮನೆಯಲ್ಲೇ ಇತ್ತು, ಅದರ ತೂತು 24 ಮಿ.ಮೀ. ತಗಡಿನ ಪಟ್ಟಿ ಸುತ್ತಿ ಗ್ರಬ್ ಸ್ಕ್ರೂ (ಪುಲ್ಲಿಯ ಪಕ್ಕದಿಂದ ಶಾಫ್ಟಿನ ಕಡೆಗೆ ಒತ್ತುವ ಸಣ್ಣ ಸ್ಕ್ರೂ) ಬಿಗಿದು ಓಡಿಸಿದೆವು. ಮೋಟಾರು ನಡುಗಿತು, ಕಾಲು ಗಂಟೆಯಲ್ಲಿ ಪುಲ್ಲಿ ಸಡಿಲವಾಯಿತು. ನಡುವೆ ಬುಷ್, ಅಂದರೆ ಲೋಹದ ಕೊಳವೆ, ಹಾಕಿಸಲೇ? ಶಾಪಿನವರು ಶಾಫ್ಟಿಗೇ ವೆಲ್ಡ್ ಮಾಡಿಬಿಡೋಣ ಎನ್ನುತ್ತಾರೆ. ಬೆಲ್ಟೇ ಬೇಡವೆಂದು ಡ್ರಮ್ಮಿನ 25 ಮಿ.ಮೀ. ಶಾಫ್ಟಿಗೆ ನೇರ ಜೋಡಿಸಬಹುದೇ? ಇನ್ನೊಂದು: ಮಗ ಸಣ್ಣ ಸಿಎನ್‌ಸಿ ಯಂತ್ರ ಕಟ್ಟುತ್ತಿದ್ದಾನೆ. ಸ್ಟೆಪ್ಪರ್ ಮೋಟಾರಿನ ಶಾಫ್ಟ್ 5 ಮಿ.ಮೀ., ಲೀಡ್ ಸ್ಕ್ರೂ 8 ಮಿ.ಮೀ. ಇವೆರಡನ್ನು ಜೋಡಿಸುವ ಅವನ ಕಪ್ಲಿಂಗೂ ಓಲಾಡುತ್ತದೆ.

ಉತ್ತರ: ಅಪ್ಪನ ಯಂತ್ರಕ್ಕೂ ಮಗನ ಯಂತ್ರಕ್ಕೂ ಕಾಯಿಲೆ ಒಂದೇ. 19ಕ್ಕೂ 24ಕ್ಕೂ ನಡುವಿನ ಜಾಗ ತುಂಬುವುದು ಕಷ್ಟವಲ್ಲ, ಏನು ತುರುಕಿದರೂ ತುಂಬುತ್ತದೆ. ಆದರೆ ತುಂಬಿದ್ದು ಎರಡು ಕೆಲಸ ಮಾಡಬೇಕು. ಪುಲ್ಲಿಯ ಸೆಂಟರನ್ನು ಶಾಫ್ಟಿನ ಸೆಂಟರಿನ ಮೇಲೇ ಕೂರಿಸಬೇಕು. ಮೋಟಾರಿನ ತಿರುಚುವ ಬಲವನ್ನು ಜಾರದೆ ದಾಟಿಸಬೇಕು. ತಗಡಿನ ಪಟ್ಟಿಯಿಂದ ಎರಡೂ ಆಗುವುದಿಲ್ಲ.

ಮೊದಲು ಬಲದ ಲೆಕ್ಕ, ಏಕೆಂದರೆ 1 ಎಚ್‌ಪಿ ಎಂದರೆ ಏನು ಮಹಾ ಎಂದುಕೊಳ್ಳುವವರೇ ಹೆಚ್ಚು. ಕಿಲೋವಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್, ಅಂದರೆ ತಿರುಚುವ ಬಲ, ನ್ಯೂಟನ್ ಮೀಟರಿನಲ್ಲಿ ಸಿಗುತ್ತದೆ. 1 ಎಚ್‌ಪಿ ಅಂದರೆ ಸುಮಾರು 0.75 ಕಿಲೋವಾಟ್, 1440 ಆರ್‌ಪಿಎಂಗೆ ಹತ್ತಿರ ಹತ್ತಿರ 5 ನ್ಯೂಟನ್ ಮೀಟರ್ ಬಂತು. ನಿಮ್ಮ ಶಾಫ್ಟಿನ ಮೈ ಸೆಂಟರಿನಿಂದ ಬರೀ 9.5 ಮಿ.ಮೀ. ದೂರದಲ್ಲಿದೆ. ಅಷ್ಟು ಹತ್ತಿರದಲ್ಲಿ ಈ 5 ನ್ಯೂಟನ್ ಮೀಟರ್ 525 ನ್ಯೂಟನ್ ಬಲವಾಗುತ್ತದೆ, ಒಂದು ಸಿಮೆಂಟ್ ಚೀಲದ ಭಾರಕ್ಕಿಂತ ತುಸು ಜಾಸ್ತಿ. ಇದು ಸಮವೇಗದಲ್ಲಿ ಓಡುವಾಗಿನ ಮಾತು. ಸ್ವಿಚ್ ಹಾಕಿದ ಕ್ಷಣ ಕೆಪಾಸಿಟರ್ ಸ್ಟಾರ್ಟ್ ಮೋಟಾರು ಇದರ ಎರಡು-ಮೂರು ಪಟ್ಟು ಜೋರಾಗಿ ತಿರುಚುತ್ತದೆ. ಜೊತೆಗೆ, ಸಿಂಗಲ್ ಫೇಸ್ ಮೋಟಾರಿನ ಟಾರ್ಕ್ ಒಂದೇ ಸಮ ಇರುವುದಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ನಿಮ್ಮ ತಗಡಿನ ಪಟ್ಟಿ ಆ ಕಾಲು ಗಂಟೆಯಲ್ಲಿ 90,000 ಸಲ ಕುಲುಕಿಸಿಕೊಂಡಿದೆ. ಅದು ಅಷ್ಟು ಹೊತ್ತು ತಡೆದದ್ದೇ ಹೆಚ್ಚು.

ಇನ್ನು ನಡುಕದ ಕಾರಣ. ಗ್ರಬ್ ಸ್ಕ್ರೂ ಒಂದೇ ಕಡೆಯಿಂದ ಒತ್ತುತ್ತದೆ. ಎದುರು ಭಾಗದ ತಗಡು ಚಪ್ಪಟೆಯಾದಷ್ಟೂ ಪುಲ್ಲಿ ಆ ಕಡೆ ಸರಿಯುತ್ತದೆ. ಪೂರಾ ಸರಿದರೆ ಸೆಂಟರ್ 2.5 ಮಿ.ಮೀ. ಔಟ್. 1 ಕೆ.ಜಿ. ತೂಕದ ಪುಲ್ಲಿ ಅಷ್ಟು ಔಟ್ ಆಗಿ 1440ರಲ್ಲಿ ತಿರುಗಿದರೆ ಸುಮಾರು 57 ನ್ಯೂಟನ್, ಅಂದರೆ ಆರು ಕಿಲೋಗೆ ಸಮೀಪದ ಎಳೆತ ಹುಟ್ಟುತ್ತದೆ. ಅದು ಸೆಕೆಂಡಿಗೆ 24 ಸಲ ಶಾಫ್ಟನ್ನು ಸುತ್ತುತ್ತಾ ಎಲ್ಲ ದಿಕ್ಕಿಗೂ ಜಗ್ಗುತ್ತದೆ. ಬೆಲ್ಟ್ ಕೂಡ ಪ್ರತಿ ಸುತ್ತಿಗೊಮ್ಮೆ ಬಿಗಿಯಾಗಿ ಸಡಿಲವಾಗುತ್ತದೆ. ಇದೆಲ್ಲ ಹೋಗಿ ಸೇರುವುದು ಮೋಟಾರಿನ ಮುಂದಿನ ಬೇರಿಂಗಿಗೆ.

ಏನನ್ನೂ ಮಾಡಿಸುವ ಮುಂಚೆ ಸರಿಯಾಗಿ ಅಳೆಯಿರಿ. ಶಾಫ್ಟ್ 19 ಎಂದಿದ್ದೀರಿ. ಅದು 19.00 ಆಗಿರಬಹುದು, ಮುಕ್ಕಾಲು ಇಂಚು ಅಂದರೆ 19.05 ಕೂಡ ಆಗಿರಬಹುದು. ಈ ಅರ್ಧ ಕೂದಲೆಳೆಯ ವ್ಯತ್ಯಾಸ ಬಹಳ ಜನರ ಯಂತ್ರ ಕೆಡಿಸಿದೆ. 19.05ರ ಶಾಫ್ಟಿಗೆ 19ರ ತೂತು ಹೋಗುವುದಿಲ್ಲ. ಸುತ್ತಿಗೆ ಹಿಡಿಯುತ್ತಾರೆ, ಏಟು ಬೇರಿಂಗಿನ ಗುಂಡುಗಳ ಮೇಲೆ ಬಿದ್ದು ಅವು ಉರುಳುವ ರೇಸಿನಲ್ಲಿ ಹಳ್ಳ ಬೀಳುತ್ತದೆ. ತಿರುವುಮುರುವಾಗಿ 19ರ ಶಾಫ್ಟಿಗೆ ಮುಕ್ಕಾಲು ಇಂಚಿನ ಪುಲ್ಲಿ ಸಲೀಸಾಗಿ ಕೂರುತ್ತದೆ. ಸರಿಯಾಗಿಯೇ ಇದೆ ಎಂದು ಕಾಣುತ್ತದೆ. ಕೆಲವು ವಾರಗಳ ನಂತರ ಬಿಚ್ಚಿ ನೋಡಿದರೆ ತೂತಿನೊಳಗೆ ಕೆಂಪು-ಕಂದು ಪುಡಿ ಇರುತ್ತದೆ. ನೀರು ತಗುಲಿ ಬಂದ ತುಕ್ಕಲ್ಲ ಅದು. ಎರಡು ಲೋಹಗಳು ಸಣ್ಣಗೆ ಉಜ್ಜಿಕೊಂಡು ಸವೆದ ಗುರುತು. ಅದು ಕಂಡರೆ ಹಿಡಿತ ಸಾಲದೆಂದೇ ಅರ್ಥ. ಹಾಗಾಗಿ ವರ್ನಿಯರ್ ಸಾಕೆನ್ನಬೇಡಿ, ಲೇತ್ ಅಂಗಡಿಯಲ್ಲಿ ಮೈಕ್ರೋಮೀಟರಿನಲ್ಲೇ ಅಳೆಸಿ. ಪುಲ್ಲಿಯ ತೂತನ್ನು ಅಡ್ಡಕ್ಕೂ ಉದ್ದಕ್ಕೂ ಎರಡು ಕಡೆ ನೋಡಿ. ಹಳೆಯ ಮೋಟಾರಿನ ಮೇಲೆ ಸಡಿಲವಾಗಿ ಓಡಿದ್ದರೆ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅಂಥದ್ದಕ್ಕೆ ಎಷ್ಟು ಒಳ್ಳೆಯ ಬುಷ್ ಹಾಕಿದರೂ ಪ್ರಯೋಜನವಿಲ್ಲ.

ಮೋಟಾರುಗಳ ಶಾಫ್ಟಿಗೆ ಒಂದು ಕ್ರಮವಿದೆ ಎಂಬುದೂ ಗೊತ್ತಿರಲಿ. ನೇಮ್ ಪ್ಲೇಟಿನಲ್ಲಿ ಫ್ರೇಮ್ ಎಂದು ಬರೆದಿರುವ ಸಂಖ್ಯೆ, ಮೋಟಾರಿನ ಪಾದದಿಂದ ಶಾಫ್ಟಿನ ಸೆಂಟರಿಗೆ ಇರುವ ಎತ್ತರ, ಮಿಲಿಮೀಟರಿನಲ್ಲಿ. ಫ್ರೇಮ್ 71ಕ್ಕೆ 14 ಮಿ.ಮೀ. ಶಾಫ್ಟ್, 80ಕ್ಕೆ 19, 90ಕ್ಕೆ 24, 100ಕ್ಕೂ 112ಕ್ಕೂ 28, 132ಕ್ಕೆ 38. ನಿಮ್ಮದು ಫ್ರೇಮ್ 80, ಪುಲ್ಲಿ ಬಂದದ್ದು ಫ್ರೇಮ್ 90ರಿಂದ. ತೂತು 24 ಇರುವುದು ಆ ಕಾರಣಕ್ಕೆ. 19ರ ಶಾಫ್ಟಿಗೆ 6 ಮಿ.ಮೀ. ಅಗಲದ ಕೀ (ಶಾಫ್ಟಿಗೂ ಪುಲ್ಲಿಗೂ ನಡುವೆ ಕೂತು ಎರಡನ್ನೂ ಒಟ್ಟಿಗೆ ತಿರುಗಿಸುವ ಉಕ್ಕಿನ ತುಂಡು), 24ರದಕ್ಕೆ 8 ಮಿ.ಮೀ. ಅಗಲದ ಕೀ. ವ್ಯಾಸ ಮಾತ್ರವಲ್ಲ, ಕೀ ಕೂಡ ಬೇರೆ ಎನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನ ಮೊದಲ ಸಲಹೆ: ಹೊಸ ಪುಲ್ಲಿ ತನ್ನಿ. 3 ಇಂಚಿನ ಎ-ಸೆಕ್ಷನ್ (ಎ ಅಳತೆಯ ಬೆಲ್ಟಿನ) ಪುಲ್ಲಿ ದೊಡ್ಡ ವಸ್ತುವೇನಲ್ಲ. ಅಂಗಡಿಯಲ್ಲಿ ಸಣ್ಣ ಪೈಲಟ್ ತೂತಿನೊಂದಿಗೆ ಸಿಗುತ್ತದೆ. ಮೋಟಾರನ್ನೇ ಲೇತ್ ಅಂಗಡಿಗೆ ಒಯ್ದು ಅದಕ್ಕೆ ತಕ್ಕಂತೆ 19ಕ್ಕೆ ಬೋರ್ ಮಾಡಿಸಿ, 6 ಮಿ.ಮೀ. ಕೀವೇ (ಕೀ ಕೂರುವ ತೋಡು) ಹೊಡೆಸಿ. ತೂತನ್ನು ದೊಡ್ಡದು ಮಾಡುವುದು ಯಾವಾಗಲೂ ಸುಲಭ, ಚಿಕ್ಕದು ಮಾಡುವುದೇ ಕಷ್ಟ. ಬುಷ್ ಮಾಡಿಸುವ ಕೂಲಿ, ಸ್ಟೆಪ್ ಕೀ ಫೈಲ್ ಮಾಡಿಸುವ ಕೂಲಿ ಎರಡನ್ನೂ ಕೂಡಿಸಿ ನೋಡಿದರೆ ಮನೆಯಲ್ಲಿರುವ ಪುಲ್ಲಿ ಪುಕ್ಕಟೆ ಅನ್ನಿಸುವುದಿಲ್ಲ.

ಆದರೂ ಹಳೆಯ ಪುಲ್ಲಿಯೇ ಬೇಕು, ಅದು ಒಳ್ಳೆಯ ಎರಕದ್ದು ಎಂದರೆ ಬುಷ್ ಸರಿಯಾದ ದಾರಿ. ಆದರೆ ಇಲ್ಲಿ ಹೆಚ್ಚಿನವರು ಮುಗ್ಗರಿಸುವ ಒಂದು ಜಾಗವಿದೆ. ಹೊರಗೆ 24, ಒಳಗೆ 19 ಎಂದರೆ ಬುಷ್ಷಿನ ಗೋಡೆ 2.5 ಮಿ.ಮೀ. 19ರ ಶಾಫ್ಟಿನ 6 ಮಿ.ಮೀ. ಕೀ ಶಾಫ್ಟಿನೊಳಗೆ 3.5 ಮಿ.ಮೀ. ಇಳಿದು, ಪುಲ್ಲಿಯ ಕಡೆಗೆ 2.8 ಮಿ.ಮೀ. ಆಳದ ಕೀವೇ ಬೇಡುತ್ತದೆ. ಗೋಡೆಯೇ 2.5, ಅದರಲ್ಲಿ 2.8 ಆಳದ ಕೀವೇ ಹೊಡೆಯುವುದೆಲ್ಲಿ? ಕೀವೇ ಹೊಡೆಯಲು ಹೋದರೆ ಬುಷ್ ಸೀಳಿಯೇ ಹೋಗುತ್ತದೆ. ಕೆಲವು ಟರ್ನರುಗಳು ಇದನ್ನು ಕಂಡು, ಕೀ ಬೇಡ, ಬುಷ್ಷನ್ನು ಬಿಗಿಯಾಗಿ ತಟ್ಟಿ ಗ್ರಬ್ ಸ್ಕ್ರೂ ಹಾಕೋಣ ಎನ್ನುತ್ತಾರೆ. ಒಪ್ಪಬೇಡಿ. ಸೀಳುವುದಾದರೆ ನಾವೇ ಬೇಕೆಂದು ಸೀಳೋಣ.

ಹೇಗೆಂದರೆ: ಬುಷ್ಷಿನ ಗೋಡೆಯಲ್ಲಿ ಉದ್ದಕ್ಕೂ 8 ಮಿ.ಮೀ. ಅಗಲದ ಸೀಳು ಬಿಡಿಸಿ. ಅದರ ಮೂಲಕ ಒಂದೇ ಕೀ ಮೋಟಾರಿನ ಶಾಫ್ಟಿನಿಂದ ನೇರ ಪುಲ್ಲಿಗೆ ಹೋಗಲಿ. ಈ ಕೀ ಮೆಟ್ಟಿಲಿನಂತೆ ಎರಡು ಅಗಲದ್ದು, ಇದನ್ನೇ ಸ್ಟೆಪ್ ಕೀ ಎನ್ನುವುದು. ಕೆಳಗಿನ 3.5 ಮಿ.ಮೀ. ಭಾಗ 6 ಮಿ.ಮೀ. ಅಗಲ, ಶಾಫ್ಟಿನ ಕೀವೇಯಲ್ಲಿ ಕೂರಲು. ಮೇಲಿನ ಭಾಗ 8 ಮಿ.ಮೀ. ಅಗಲ, ಬುಷ್ಷಿನ ಸೀಳಿನಲ್ಲೂ ಪುಲ್ಲಿಯ ಕೀವೇಯಲ್ಲೂ ಕೂರಲು. ಒಟ್ಟು ಎತ್ತರ ಲೆಕ್ಕ ಹಾಕಿ: ಶಾಫ್ಟಿನೊಳಗೆ 3.5, ಬುಷ್ಷಿನ ಗೋಡೆ 2.5, ಪುಲ್ಲಿಯ ಕೀವೇ 3.3, ಕೂಡಿದರೆ 9.3. ತಲೆಯ ಮೇಲೆ ಸ್ವಲ್ಪ ಜಾಗ ಬಿಡಬೇಕು, ಆದ್ದರಿಂದ ಕೀ ಎತ್ತರ 9 ಮಿ.ಮೀ. ಕೀ ಪಕ್ಕಗಳಲ್ಲಿ ಬಿಗಿಯಾಗಿರಬೇಕು, ನೆತ್ತಿಯಲ್ಲಿ ಅಲ್ಲ. ನೆತ್ತಿ ತಾಗಿದರೆ ಅದು ಪುಲ್ಲಿಯನ್ನು ಮೇಲಕ್ಕೆತ್ತಿ ಮತ್ತೆ ಸೆಂಟರ್ ಕೆಡಿಸುತ್ತದೆ. ಈಗ ನೋಡಿ, ತಿರುಚುವ ಬಲವೆಲ್ಲ ಕೀ ಮೂಲಕ ದಾಟುತ್ತದೆ. ಬುಷ್ಷಿಗೆ ಉಳಿದದ್ದು ಸೆಂಟರ್ ಹಿಡಿಯುವ ಕೆಲಸ ಮಾತ್ರ. ತೆಳು ಗೋಡೆಯ ಬುಷ್ಷಿಗೆ ಅಷ್ಟೇ ಕೆಲಸ ಕೊಡಬೇಕು.

ಬುಷ್ ಮೈಲ್ಡ್ ಸ್ಟೀಲಿನದ್ದಾದರೆ ಸಾಕು. ಅಲ್ಯೂಮಿನಿಯಂ ಬೇಡ, ನೈಲಾನ್ ಖಂಡಿತ ಬೇಡ. ಲೇತಿನವರಿಗೆ ಒಂದು ಮಾತು ಒತ್ತಿ ಹೇಳಿ: ಹೊರಮೈ, ಒಳತೂತು ಎರಡನ್ನೂ ಒಂದೇ ಸೆಟ್ಟಿಂಗಿನಲ್ಲಿ ಟರ್ನ್ ಮಾಡಬೇಕು. ರಾಡನ್ನು ಚಕ್ಕಿನಲ್ಲಿ ಹಿಡಿದು ಹೊರಗೆ 24ಕ್ಕೆ ತಂದು, ಅಲ್ಲೇ ಡ್ರಿಲ್ ಮಾಡಿ ಬೋರ್ ಮಾಡಿ, ಕೊನೆಗೆ ಕತ್ತರಿಸಿ ತೆಗೆಯಬೇಕು. ನಡುವೆ ಬಿಚ್ಚಿ ತಿರುಗಿಸಿ ಮತ್ತೆ ಹಿಡಿದರೆ ಸವೆದ ಮೂರು ದವಡೆ ಚಕ್ಕಿನಲ್ಲಿ ಹತ್ತಾರು ಮೈಕ್ರಾನಿನಿಂದ ಹಿಡಿದು ಕಾಲು ಮಿಲಿಮೀಟರಿನವರೆಗೂ ಔಟ್ ಆಗಬಹುದು. ಮೋಟಾರಿನ ಕಡೆಯ ತುದಿಯಲ್ಲಿ ಸಣ್ಣ ಕಾಲರ್ ಬಿಡಿಸಿದರೆ ಇನ್ನೂ ಒಳ್ಳೆಯದು. ಕಾಲರ್ ಶಾಫ್ಟಿನ ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ, ಪುಲ್ಲಿ ಕಾಲರಿಗೆ ತಾಗಿ ನಿಲ್ಲುತ್ತದೆ, ಬೆಲ್ಟ್ ಮೋಟಾರಿನ ಬೇರಿಂಗಿಗೆ ಹತ್ತಿರದಲ್ಲೇ ಎಳೆಯುತ್ತದೆ. ನಿಮ್ಮ ಶಾಫ್ಟಿನ ಉದ್ದ 40 ಮಿ.ಮೀ. ಅಷ್ಟೇ. ಪುಲ್ಲಿಯನ್ನು ತುದಿಗೆ ಹಾಕಿ ಅರ್ಧ ಹೊರಗೆ ಬಿಟ್ಟರೆ ಬೇರಿಂಗಿನ ಆಯಸ್ಸು ಕಡಿಮೆಯಾಗುತ್ತದೆ.

ಗ್ರಬ್ ಸ್ಕ್ರೂ ವಿಷಯ. ಅದು ಇರುವುದು ಪುಲ್ಲಿ ಶಾಫ್ಟಿನಿಂದ ಹೊರಗೆ ಸರಿಯದಿರಲಿ ಎಂದು. ತಿರುಚುವ ಬಲ ಹೊರುವುದು ಕೀ ಕೆಲಸ. ಒಂದು ಸ್ಕ್ರೂ ಕೀ ಮೇಲೆ ಒತ್ತಲಿ, ಇನ್ನೊಂದು ಅದಕ್ಕೆ 90 ಡಿಗ್ರಿಯಲ್ಲಿ ಇರಲಿ. ಈ ಎರಡನೆಯದು ಬುಷ್ಷಿನ ಮೇಲೆ ಒತ್ತಿ ನಿಂತರೆ ಪ್ರಯೋಜನವಿಲ್ಲ. ಬುಷ್ಷಿಗೆ ತೂತು ಹೊಡೆಸಿ, ಸ್ಕ್ರೂ ಅದರ ಮೂಲಕ ಹೋಗಿ ಶಾಫ್ಟನ್ನೇ ಮುಟ್ಟಬೇಕು. ಮುಟ್ಟುವ ಜಾಗದಲ್ಲಿ ಶಾಫ್ಟಿನ ಮೇಲೆ ಫೈಲಿನಿಂದ ಸಣ್ಣ ಸಪಾಟು ಮಾಡಿಕೊಳ್ಳಿ. ಹಾಗೆ ಮಾಡದಿದ್ದರೆ ಸ್ಕ್ರೂ ಕಚ್ಚಿದಲ್ಲಿ ಗೀರು ಎದ್ದು ಮುಂದೆ ಬುಷ್ ಹೊರಗೆ ಬರುವುದಿಲ್ಲ. ಸ್ಕ್ರೂ ತಲೆ ಪುಲ್ಲಿಯ ಮೈಯಿಂದ ಹೊರಗೆ ಚಾಚಿರಕೂಡದು. ತಿರುಗುವಾಗ ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಹೆಗಲ ಮೇಲಿನ ಟವಲ್ಲಿನ ತುದಿಯನ್ನೋ ಸೀರೆಯ ಸೆರಗನ್ನೋ ಹಿಡಿದರೆ ಬಿಡುವುದಿಲ್ಲ. ಕಾಳುಮೆಣಸಿನ ಕೊಯ್ಲಿನಲ್ಲಿ ಯಂತ್ರದ ಸುತ್ತ ನಾಲ್ಕಾರು ಜನ ಇರುತ್ತಾರೆ. ಬೆಲ್ಟಿಗೂ ಪುಲ್ಲಿಗೂ ತಗಡಿನ ಗಾರ್ಡ್ ಹಾಕಿಸದೆ ಯಂತ್ರವನ್ನು ಅಂಗಳಕ್ಕೆ ತರಬೇಡಿ. ಹಾಗೆಯೇ ಪುಲ್ಲಿ ಇಲ್ಲದೆ ಮೋಟಾರನ್ನು ಓಡಿಸಿ ನೋಡುವಾಗ ಶಾಫ್ಟಿನಲ್ಲಿ ಕೀ ಬಿಡಬೇಡಿ, ಅದು ಗುಂಡಿನಂತೆ ಹಾರುತ್ತದೆ.

ಬುಷ್ಷಿಗೂ ಪುಲ್ಲಿಗೂ ನಡುವೆ ರಿಟೈನಿಂಗ್ ಅಂಟು ಹಾಕಬಹುದು. ಲಾಕ್‌ಟೈಟ್ 638 ಎಂಬುದು ಇದಕ್ಕೆಂದೇ ಇದೆ, 0.25 ಮಿ.ಮೀ.ವರೆಗಿನ ಸಂದು ತುಂಬುತ್ತದೆ. ಎಣ್ಣೆ-ಗ್ರೀಸು ಚೂರೂ ಇಲ್ಲದಂತೆ ಒರೆಸಿದರೆ ಮಾತ್ರ ಹಿಡಿಯುತ್ತದೆ. ಶಾಫ್ಟಿಗೂ ಬುಷ್ಷಿಗೂ ನಡುವೆ ಮಾತ್ರ ಹಾಕಬೇಡಿ, ಏಕೆಂದರೆ ಬೇರಿಂಗ್ ಬದಲಿಸುವ ದಿನ ಅದನ್ನು ಬಿಡಿಸಲು ಶಾಫ್ಟನ್ನು ಚೆನ್ನಾಗಿ ಕಾಯಿಸಬೇಕಾಗುತ್ತದೆ. 2.5 ಮಿ.ಮೀ. ಜಾಗವನ್ನು ಬುಷ್ಷೇ ಇಲ್ಲದೆ ಬರೀ ಅಂಟಿನಿಂದ, ಎಂ-ಸೀಲಿನಿಂದ ತುಂಬುವವರೂ ಇದ್ದಾರೆ. ಅದು ಗಟ್ಟಿಯಾಗುವ ಹೊತ್ತಿಗೆ ಪುಲ್ಲಿ ಎಲ್ಲಿ ಓರೆಯಾಗಿತ್ತೋ ಅಲ್ಲೇ ಶಾಶ್ವತವಾಗಿ ಓರೆ.

ಪದೇಪದೇ ಮೋಟಾರು ಬದಲಿಸುವವರಿಗೆ, ಒಂದೇ ಪುಲ್ಲಿಯನ್ನು ಬೇರೆ ಬೇರೆ ಶಾಫ್ಟಿಗೆ ಹಾಕಬೇಕಾದವರಿಗೆ ಟೇಪರ್ ಲಾಕ್ ಬುಷ್ ಇದೆ. ಪುಲ್ಲಿಯ ತೂತು ಇಳಿಜಾರಾಗಿರುತ್ತದೆ, ಅದರೊಳಗೆ ಸೀಳಿದ ಇಳಿಜಾರು ಬುಷ್ ಕೂರುತ್ತದೆ. ಸ್ಕ್ರೂ ಬಿಗಿದಂತೆ ಬುಷ್ ಸುತ್ತಲಿಂದಲೂ ಸಮನಾಗಿ ಶಾಫ್ಟನ್ನು ಅಪ್ಪಿಕೊಳ್ಳುತ್ತದೆ, ಸೆಂಟರ್ ತಾನಾಗಿ ಬರುತ್ತದೆ. 1210 ಎಂಬ ಅಳತೆಯ ಬುಷ್ 32 ಮಿ.ಮೀ. ಶಾಫ್ಟಿನವರೆಗೆ, 1610 ಎಂಬುದು 42ರವರೆಗೆ ಸಿಗುತ್ತದೆ. 19ರದ್ದು ತೆಗೆದು 24ರದ್ದು ಹಾಕಿದರೆ ಅದೇ ಪುಲ್ಲಿ ದೊಡ್ಡ ಮೋಟಾರಿಗೂ ಆಯಿತು. ಇಳಿಜಾರು ಮೈಗೆ ಎಣ್ಣೆ ಹಚ್ಚಬಾರದು, ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬಿಚ್ಚುವಾಗ ಅದೇ ಸ್ಕ್ರೂವನ್ನು ಮೂರನೆಯ ತೂತಿಗೆ ಹಾಕಿ ಬಿಗಿದರೆ ಬುಷ್ ಹೊರಗೆ ಬರುತ್ತದೆ. ನಿಮ್ಮ 3 ಇಂಚಿನ ಒಂದು ಬೆಲ್ಟಿನ ಪುಲ್ಲಿಗೆ ಇದು ಅತಿಯಾಯಿತು, ಹಿಟ್ಟಿನ ಗಿರಣಿಯಂಥ ದೊಡ್ಡ ಕೆಲಸಕ್ಕೆ ಯೋಗ್ಯ.

ಬೆಲ್ಟ್ ಬಿಟ್ಟು ನೇರ ಜೋಡಿಸಲೇ ಎಂದು ಕೇಳಿದ್ದೀರಿ. 19ರಿಂದ 25ಕ್ಕೆ ಜೋಡಿಸುವ ಕಪ್ಲಿಂಗ್ ಇದೆ. ಅಂಗಡಿಯವರು ಲವ್‌ಜಾಯ್ ಅಥವಾ ಸ್ಟಾರ್ ಕಪ್ಲಿಂಗ್ ಎನ್ನುವ, ನಡುವೆ ರಬ್ಬರ್ ನಕ್ಷತ್ರ ಇರುವ ಜಾತಿ. ಅದರ ಎರಡು ಅರ್ಧಗಳೂ ಬೇರೆ ಬೇರೆ ಇರುವುದರಿಂದ ಒಂದನ್ನು 19ಕ್ಕೂ ಇನ್ನೊಂದನ್ನು 25ಕ್ಕೂ ಬೋರ್ ಮಾಡಿಸಿದರೆ ಮುಗಿಯಿತು. ವ್ಯಾಸದ ಸಮಸ್ಯೆ ಅಲ್ಲಿ ಏಳುವುದೇ ಇಲ್ಲ. ಎಲ್ 095 ಎಂಬ ಅಳತೆ 28 ಮಿ.ಮೀ. ಬೋರಿನವರೆಗೆ ಬರುತ್ತದೆ, ನಿಮ್ಮ ಟಾರ್ಕಿಗೆ ಸಾಕು. ಆದರೆ ನೇರ ಜೋಡಿಸಿದರೆ ಡ್ರಮ್ಮೂ 1440ರಲ್ಲೇ ತಿರುಗುತ್ತದೆ. ಮೆಣಸು ಬಿಡಿಸಲು ಅದು ಬೇಡ. ಕಾಳು ಒಡೆಯುತ್ತದೆ, ಕಡ್ಡಿ ಪುಡಿಯಾಗುತ್ತದೆ. ಮೋಟಾರಿಗೆ 3 ಇಂಚು, ಡ್ರಮ್ಮಿಗೆ 9 ಇಂಚು ಪುಲ್ಲಿ ಹಾಕಿದರೆ 480ಕ್ಕೆ ಇಳಿಯುತ್ತದೆ, ಟಾರ್ಕ್ ಮೂರು ಪಟ್ಟಾಗುತ್ತದೆ. ಹಸಿ ಗೊಂಚಲು ಸಿಕ್ಕಿಕೊಂಡಾಗ ಬೆಲ್ಟ್ ಜಾರಿ ಮೋಟಾರನ್ನು ಉಳಿಸುತ್ತದೆ ಕೂಡ. ನಿಮ್ಮ ಯಂತ್ರಕ್ಕೆ ಬೆಲ್ಟೇ ಸರಿ. ಒಂದೊಂದು ಶಾಫ್ಟಿಗೆ ಅದರದರ ಬೋರಿನ ಪುಲ್ಲಿ ಇದ್ದರೆ 19, 25 ಎಂಬ ಪ್ರಶ್ನೆಯೇ ಬರುವುದಿಲ್ಲ.

ಎಲ್ಲಾದರೂ ಪಂಪಿಗೋ ಮತ್ತೊಂದಕ್ಕೋ ನೇರ ಜೋಡಿಸುವ ಸಂದರ್ಭ ಬಂದರೆ, ರಬ್ಬರ್ ಇದೆಯೆಂದು ಅಲೈನ್‌ಮೆಂಟಿನಲ್ಲಿ ಉದಾಸೀನ ಬೇಡ. ಈ ಜಾತಿಯ ಕಪ್ಲಿಂಗ್ ತಾಳುವುದು 1 ಡಿಗ್ರಿ ಓರೆ, 0.4 ಮಿ.ಮೀ.ಗೂ ತುಸು ಕಡಿಮೆ ಪಕ್ಕದ ಸರಿತ, ಅಷ್ಟೇ. ನೇರ ಸ್ಕೇಲನ್ನು ಎರಡೂ ಅರ್ಧಗಳ ಮೇಲೆ ಅಡ್ಡ ಇಟ್ಟು ಮೇಲೆ, ಕೆಳಗೆ, ಎರಡು ಪಕ್ಕ ನೋಡಿ. ಸಂದನ್ನು ಫೀಲರ್ ಗೇಜಿನಿಂದ ನಾಲ್ಕೂ ಕಡೆ ಅಳೆಯಿರಿ. ಎತ್ತರದ ವ್ಯತ್ಯಾಸಕ್ಕೆ ಮೋಟಾರಿನ ಪಾದದಡಿ ಶಿಮ್, ಅಂದರೆ ತೆಳು ತಗಡು, ಕೊಡಿ. ತಗಡಿನ ಪಟ್ಟಿಗೆ ತಕ್ಕ ಜಾಗ ಅದು.

ಮೋಟಾರಿನ ಶಾಫ್ಟನ್ನೇ ಲೇತಿಗೆ ಹಾಕಿ ಸಣ್ಣದು ಮಾಡುವ ಸಲಹೆಯೂ ನಿಮಗೆ ಬರಬಹುದು, ಉದಾಹರಣೆಗೆ 14ರ ಪುಲ್ಲಿ ಕೈಯಲ್ಲಿದ್ದಾಗ. ಶಾಫ್ಟಿನ ತಿರುಚು ತಾಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 19ನ್ನು 14 ಮಾಡಿದರೆ ಉಳಿಯುವುದು ನೂರಕ್ಕೆ ನಲವತ್ತು. ಮೇಲಾಗಿ ಟೂಲ್ ಬಿಟ್ಟ ಚೂಪು ಮೂಲೆಯಿಂದಲೇ ಬಿರುಕು ಶುರುವಾಗಿ, ಬೆಲ್ಟಿನ ಎಳೆತಕ್ಕೆ ಒಂದು ದಿನ ಶಾಫ್ಟ್ ಕತ್ತರಿಸಿದಂತೆ ಮುರಿಯುತ್ತದೆ. ಇಳಿಸಲೇಬೇಕಾದರೆ ಯಂತ್ರದ ಕಡೆಯ ಶಾಫ್ಟನ್ನು ಇಳಿಸಿ, ಮೂಲೆಯಲ್ಲಿ ಒಂದೆರಡು ಮಿಲಿಮೀಟರ್ ರೇಡಿಯಸ್ ಬಿಡಿಸಿ. ಅದು ಮುರಿದರೆ ಹೊಸ ರಾಡ್ ಸಿಗುತ್ತದೆ, ಮೋಟಾರಿನದ್ದು ಮುರಿದರೆ ರೋಟರ್ ಸಮೇತ ಹೋಯಿತು.

ವೆಲ್ಡಿಂಗಿಗೆ ಒಪ್ಪಲೇಬೇಡಿ. ಪುಲ್ಲಿ ಎರಕದ ಕಬ್ಬಿಣ, ಶಾಫ್ಟ್ ಮಧ್ಯಮ ಕಾರ್ಬನ್ ಉಕ್ಕು. ಎರಡೂ ಸಾಮಾನ್ಯ ರಾಡಿನ ವೆಲ್ಡಿಗೆ ಒಗ್ಗುವುದಿಲ್ಲ, ಬೆಸುಗೆಯ ಅಂಚಿನಲ್ಲೇ ಗಡಸಾಗಿ ಬಿರುಕು ಬಿಡುತ್ತವೆ. ಶಾಖಕ್ಕೆ ಶಾಫ್ಟ್ ಬಾಗುತ್ತದೆ, ಮುಂದಿನ ಬೇರಿಂಗಿನ ಗ್ರೀಸು ಕರಗಿ ಹೋಗುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ಅರ್ತ್ ಕ್ಲಾಂಪಿನದು: ಅದನ್ನು ಮೋಟಾರಿನ ಹೊರಮೈಗೆ ಹಾಕಿದರೆ ವೆಲ್ಡಿಂಗಿನ ಪೂರಾ ಕರೆಂಟು ಬೇರಿಂಗಿನ ಗುಂಡುಗಳ ಮೂಲಕವೇ ಹರಿದು ಅವುಗಳ ಮೈ ಸುಡುತ್ತದೆ. ಹೊಸ ಮೋಟಾರು ಅರ್ಧ ಗಂಟೆಯಲ್ಲಿ ಹಳೆಯದಾಗುತ್ತದೆ.

ಜೋಡಿಸುವಾಗ ಸುತ್ತಿಗೆ ಬೇಡ. ಬುಷ್ಷೂ ಪುಲ್ಲಿಯೂ ತೆಳುವಾಗಿ ಎಣ್ಣೆ ಸವರಿದ ಶಾಫ್ಟಿನ ಮೇಲೆ ಕೈಯೊತ್ತಿಗೆ ಹೋಗಬೇಕು. ತುಸು ಬಿಗಿಯಿದ್ದರೆ ಶಾಫ್ಟಿನ ತುದಿಯ ಸೆಂಟರಿನಲ್ಲಿ ಥ್ರೆಡ್ ಇರುವ ತೂತಿದೆಯೇ ನೋಡಿ. 19ರ ಶಾಫ್ಟಿನಲ್ಲಿ ಇದ್ದರೆ ಸಾಮಾನ್ಯವಾಗಿ ಎಂ6. ಅದಕ್ಕೆ ಸ್ಟಡ್ ಹಾಕಿ, ದಪ್ಪ ವಾಷರ್ ಇಟ್ಟು ನಟ್ಟು ಬಿಗಿದರೆ ಪುಲ್ಲಿ ನೇರವಾಗಿ ಒಳಗೆ ಹೋಗುತ್ತದೆ, ಬೇರಿಂಗಿಗೆ ಏಟು ಬೀಳುವುದಿಲ್ಲ. ತೆಗೆಯಲು ಪುಲ್ಲರ್ ಬಳಸಿ. ಎಲ್ಲ ಆದ ಮೇಲೆ ಶಾಫ್ಟಿನ ತುದಿ, ಬುಷ್, ಪುಲ್ಲಿ ಮೂರಕ್ಕೂ ಸೇರುವಂತೆ ಪೇಂಟಿನಿಂದ ಒಂದು ನೇರ ಗೆರೆ ಎಳೆಯಿರಿ. ಅರ್ಧ ಗಂಟೆ ಲೋಡಿನಲ್ಲಿ ಓಡಿಸಿ ನಿಲ್ಲಿಸಿ ನೋಡಿ. ಗೆರೆ ಮುರಿದಿದ್ದರೆ ಯಾವುದು ಜಾರಿದೆ ಎಂದು ಅಲ್ಲೇ ಕಾಣುತ್ತದೆ. ಗೆರೆ ನೆಟ್ಟಗಿದ್ದರೂ ಗ್ರಬ್ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಯಿರಿ, ಮೊದಲ ಓಟದಲ್ಲಿ ಅವು ಕೂತು ಸ್ವಲ್ಪ ಸಡಿಲವಾಗುವುದು ಸಹಜ.

ಇನ್ನು ನಿಮ್ಮ ಮಗನಿಗೆ.

5ರಿಂದ 8ಕ್ಕೆ ಜೋಡಿಸುವ, ಸುರುಳಿ ಸೀಳಿರುವ ಅಲ್ಯೂಮಿನಿಯಂ ಕಪ್ಲಿಂಗ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ; ಹೊರವ್ಯಾಸ 19, ಉದ್ದ 25 ಮಿ.ಮೀ.ಯ ಸಣ್ಣ ವಸ್ತು. ಬಹುಶಃ ಅವನು ತಂದದ್ದೂ ಅದೇ. ಅದು ಸ್ಪ್ರಿಂಗ್ ಎನ್ನುವುದನ್ನು ಅವನು ಗಮನಿಸಬೇಕು. ಓರೆಯಾದ ಎರಡು ಶಾಫ್ಟುಗಳನ್ನು ಜೋಡಿಸಲು ಆ ಸ್ಪ್ರಿಂಗ್ ಗುಣ ಬೇಕು. ಆದರೆ ಸ್ಕ್ರೂವನ್ನು ಉದ್ದಕ್ಕೆ ತಳ್ಳಿದಾಗಲೂ ಅದು ಅಷ್ಟೇ ಸುಲಭವಾಗಿ ಕುಗ್ಗಿ ಹಿಗ್ಗುತ್ತದೆ. ನೆಮಾ 17 ಎಂಬ ಅಳತೆಯ ಸ್ಟೆಪ್ಪರ್ ಮೋಟಾರಿನ ಟಾರ್ಕ್ ಸುಮಾರು 0.4 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ 8 ಮಿ.ಮೀ. ಮುಂದೆ ಹೋಗುವ ಲೀಡ್ ಸ್ಕ್ರೂ ತಿಕ್ಕಾಟ ಬಿಟ್ಟು ಲೆಕ್ಕ ಹಾಕಿದರೆ 300 ನ್ಯೂಟನ್ನಿಗೂ ಹೆಚ್ಚು ತಳ್ಳುತ್ತದೆ. ತಿಕ್ಕಾಟದಲ್ಲಿ ಅರ್ಧಕ್ಕೂ ಹೆಚ್ಚು ಹೋದರೂ ಉಳಿದದ್ದು ಹತ್ತು ಕಿಲೋಗೆ ಕಡಿಮೆಯಿಲ್ಲ. ಈ ತಳ್ಳು ಕಪ್ಲಿಂಗಿನ ಮೇಲೆ, ಅದರ ಹಿಂದೆ ಮೋಟಾರಿನ ಪುಟ್ಟ ಬೇರಿಂಗಿನ ಮೇಲೆ ಬೀಳಬಾರದು. ಲೀಡ್ ಸ್ಕ್ರೂ ತುದಿಯಲ್ಲೇ ಅದಕ್ಕೆಂದು ಥ್ರಸ್ಟ್ ಬೇರಿಂಗೋ ಎರಡು ಬೇರಿಂಗ್ ಇರುವ ಬ್ಲಾಕೋ ಹಾಕಿ, ಎರಡೂ ಕಡೆ ಕಾಲರ್ ಬಿಗಿದು ಅಲ್ಲೇ ತಡೆಯಬೇಕು. ಕಪ್ಲಿಂಗ್ ಬರೀ ತಿರುಗಿಸಲಿ. ಕಟಿಂಗ್ ಮಾಡುವಾಗ ಗೆರೆ ಅಲುಗುವುದಕ್ಕೆ ಬಹಳ ಸಲ ಇದೇ ಕಾರಣ, ಮೋಟಾರನ್ನು ದೂರುತ್ತಾರೆ.

ಕಪ್ಲಿಂಗ್ ಕೊಳ್ಳುವಾಗ ಗ್ರಬ್ ಸ್ಕ್ರೂ ಇರುವುದನ್ನು ಬಿಟ್ಟು, ಪಕ್ಕದಲ್ಲಿ ಸೀಳಿದ್ದು ಬೋಲ್ಟ್ ಬಿಗಿದರೆ ಸುತ್ತಲೂ ಅಪ್ಪುವ ಕ್ಲಾಂಪ್ ಜಾತಿಯದನ್ನು ಕೊಳ್ಳಲಿ. ಗ್ರಬ್ ಸ್ಕ್ರೂದಲ್ಲಿ 5ರ ತೂತು 5.1 ಇದ್ದರೂ ಸಾಕು, ಶಾಫ್ಟ್ ಒಂದು ಪಕ್ಕಕ್ಕೆ ಸರಿದು ಓಲಾಟ ಶುರು. ಈಗಿರುವುದನ್ನೇ ಬಳಸುವುದಾದರೆ, ಮೋಟಾರಿನ ಶಾಫ್ಟ್ ಒಂದು ಪಕ್ಕ ಸಪಾಟಾಗಿದ್ದರೆ ಸ್ಕ್ರೂ ಆ ಸಪಾಟಿನ ಮೇಲೇ ಕೂರಲಿ. ಎರಡೂ ಶಾಫ್ಟುಗಳು ಸುರುಳಿ ಸೀಳಿನ ಒಳಕ್ಕೆ ಹೋಗಬಾರದು. ಹೋದರೆ ಸೀಳು ಬಾಗಲು ಜಾಗವಿಲ್ಲದೆ ಕಪ್ಲಿಂಗ್ ಗಟ್ಟಿ ಕೊಳವೆಯಾಗಿಬಿಡುತ್ತದೆ. ಎರಡು ಶಾಫ್ಟುಗಳ ತುದಿ ಒಂದಕ್ಕೊಂದು ತಾಗದಂತೆ ನಡುವೆ ಸಂದು ಇರಲಿ. ಹೀಟ್ ಶ್ರಿಂಕ್ ಟ್ಯೂಬು, ಇನ್ಸುಲೇಷನ್ ಟೇಪು ಸುತ್ತಿ 5ನ್ನು 8 ಮಾಡುವುದು ಬೇಡ. ಅದು ಮೆತ್ತಗಿರುವುದರಿಂದ ಪ್ರತಿ ಸಲ ದಿಕ್ಕು ಬದಲಿಸುವಾಗಲೂ ಮೋಟಾರು ಒಂದೆರಡು ಸ್ಟೆಪ್ ತಿರುಗಿದ ಮೇಲೇ ಸ್ಕ್ರೂ ಹೊರಡುತ್ತದೆ. ಒಂದು ಸ್ಟೆಪ್ ಎಂದರೆ 1.8 ಡಿಗ್ರಿ, ಆ ಸ್ಕ್ರೂದಲ್ಲಿ 0.04 ಮಿ.ಮೀ.; ಎರಡು ಸ್ಟೆಪ್ ಹೋದರೆ ಕಾಗದದ ದಪ್ಪದಷ್ಟು ಅಳತೆ ತಪ್ಪಿತು.

ಓಲಾಟ ಕಪ್ಲಿಂಗಿನದೋ ಸ್ಕ್ರೂನದೋ ಎಂದು ತಿಳಿಯಲು, ಒಂದು ಉದ್ದನೆಯ ನೇರ ಗೆರೆ ಕತ್ತರಿಸಿ ಅದರ ಅಂಚು ನೋಡಲಿ. ಅಲೆ ಸರಿಯಾಗಿ 8 ಮಿ.ಮೀ.ಗೊಮ್ಮೆ ಮರಳಿ ಬರುತ್ತಿದ್ದರೆ ದೋಷ ತಿರುಗುವ ಭಾಗದಲ್ಲಿದೆ, ಏಕೆಂದರೆ ಆ ಸ್ಕ್ರೂ ಒಂದು ಸುತ್ತಿಗೆ ಹೋಗುವುದು ಅಷ್ಟೇ ದೂರ. ಅಲೆಗೆ ಅಂಥ ಕ್ರಮವಿಲ್ಲದಿದ್ದರೆ ರೈಲು, ನಟ್ಟು, ಫ್ರೇಮಿನಲ್ಲಿ ಹುಡುಕಬೇಕು. 8ರ ಅಲೆ ಕಂಡರೆ ಸ್ಕ್ರೂ ಬಿಚ್ಚಿ ಗಾಜಿನ ಹಲಗೆಯ ಮೇಲೆ ಉರುಳಿಸಿ, ಹಿಂದಿನಿಂದ ಟಾರ್ಚ್ ಬಿಡಲಿ. ಬಾಗಿದ್ದರೆ ಅಡಿಯಲ್ಲಿ ಬೆಳಕಿನ ಗೆರೆ ಅಗಲವಾಗಿ ಕಿರಿದಾಗುತ್ತದೆ. ಅದು ನೇರವಾಗಿದ್ದರೆ ಬರೀ ಕಪ್ಲಿಂಗನ್ನು ಮೋಟಾರಿಗೆ ಬಿಗಿದು, 8ರ ತೂತಿಗೆ ನೇರವಾದ ಸಣ್ಣ ರಾಡ್ ಹಾಕಿ, ಡಯಲ್ ಗೇಜ್ ಮುಟ್ಟಿಸಿ ಕೈಯಲ್ಲಿ ತಿರುಗಿಸಲಿ. ಮುಳ್ಳು 0.05ಕ್ಕಿಂತ ಹೆಚ್ಚು ಆಡಿದರೆ ಆ ಕಪ್ಲಿಂಗ್ ಬದಲಿಸಿ.